ಬೆಕ್ಕು ಮತ್ತು ಬಾಗಿಲು

2020ರ ಏಪ್ರಿಲ್ ಮೊದಲ ವಾರ. ಲಾಕ್‌ಡೌನ್ ಶುರುವಾಗಿ ಎರಡು ವಾರ ತುಂಬಿರಲಿಲ್ಲ. ಕೊಚ್ಚಿಯ ನಿವಾಸಿಯೊಬ್ಬರು ಕೇರಳ ಹೈಕೋರ್ಟಿಗೆ ಅರ್ಜಿ ಹಾಕಿದರು. ಅವರ ಮನೆಯಲ್ಲಿ ಮೂರು ಬೆಕ್ಕುಗಳಿದ್ದವು. ಅವು ತಿನ್ನುತ್ತಿದ್ದದ್ದು ಕಡವಂತ್ರದ ಪಶು ಆಸ್ಪತ್ರೆಯೊಂದರಲ್ಲಿ ಸಿಗುವ ಬಿಸ್ಕತ್ತು. ಅದನ್ನು ತರಲು ವಾಹನದ ಪಾಸ್ ಕೇಳಿದರೆ ಸಿಕ್ಕಿರಲಿಲ್ಲ. ತಾವು ಸಸ್ಯಾಹಾರಿ, ಮನೆಯಲ್ಲಿ ಮೀನು ಮಾಂಸ ಬೇಯಿಸುವುದಿಲ್ಲ, ಬೆಕ್ಕುಗಳಿಗೆ ಬೇರೆ ಗತಿಯಿಲ್ಲ ಎಂಬುದು ಅವರ ವಾದ. ಏಪ್ರಿಲ್ 6ರಂದು ನ್ಯಾಯಮೂರ್ತಿಗಳಾದ ಎ.ಕೆ. ಜಯಶಂಕರನ್ ನಂಬಿಯಾರ್ ಮತ್ತು ಶಾಜಿ ಪಿ. ಚಾಲಿ ಅವರ ಪೀಠ ಅವರಿಗೆ ಹೋಗಿಬರಲು ಅನುಮತಿ ಕೊಟ್ಟಿತು. ಆದೇಶದ ಕೊನೆಯಲ್ಲಿ ‘ಕ್ಯಾಟಾಸ್ಟ್ರೋಫಿ’ ಎಂಬ ಪದದೊಳಗಿನ ‘ಕ್ಯಾಟ್’ ಅನ್ನು ದೊಡ್ಡಕ್ಷರದಲ್ಲಿ ಬರೆದು, ಅರ್ಜಿದಾರರ ಮನೆಯಲ್ಲಿ ಆಗಬಹುದಿದ್ದ ಅನಾಹುತ ತಪ್ಪಿತು ಎಂದು ನ್ಯಾಯಮೂರ್ತಿಗಳು ನಗೆಯಾಡಿದ್ದೂ ಉಂಟು.

ಸುದ್ದಿ ಓದಿದವರೂ ನಕ್ಕರು. ಆದರೆ ಆ ಅರ್ಜಿಯಲ್ಲಿ ನಗುವಿಗೆ ಮೀರಿದ ಒಂದು ಸಂಗತಿ ಇತ್ತು. ಅದೇ ಊರಿನ ಫೋರ್ಟ್ ಕೊಚ್ಚಿಯಲ್ಲಿ ಚೀನಾ ಬಲೆಗಳ ಬುಡದಲ್ಲಿ ಕೂತು ಮೀನಿನ ಚೂರಿಗೆ ಕಾಯುವ ಬೆಕ್ಕುಗಳಿಗೆ ಯಾವ ಪಾಸೂ ಬೇಕಿರಲಿಲ್ಲ. ಈ ಮೂರು ಬೆಕ್ಕುಗಳಿಗೆ ಬೇಕಾಯಿತು. ಒಂದೇ ಪ್ರಾಣಿ, ಒಂದೇ ಊರು, ಎರಡು ಬದುಕು. ನಡುವೆ ಇರುವುದು ಒಂದು ಬಾಗಿಲು.

ಆ ಬಾಗಿಲನ್ನು ತೆರೆಯಬೇಕೋ ಮುಚ್ಚಬೇಕೋ ಎಂಬುದು ಈಗ ಬೆಕ್ಕು ಸಾಕುವ ಪ್ರತಿ ಮನೆಯ ಚರ್ಚೆ. ಹೊರಗೆ ಬಿಟ್ಟರೆ ನಾಯಿ, ವಾಹನ, ರೋಗ. ಬಿಡದಿದ್ದರೆ ಕಿಟಕಿಯ ಮುಂದೆ ಕೂತು ಹಕ್ಕಿ ನೋಡುತ್ತ ದವಡೆ ನಡುಗಿಸುವ ಪ್ರಾಣಿಯನ್ನು ದಿನವೂ ನೋಡುವ ಸಂಕಟ. ಈ ಪ್ರಶ್ನೆ ಬೆಕ್ಕಿನಷ್ಟು ಹಳೆಯದಲ್ಲ. ಅದು ಹೇಗೆ ಹುಟ್ಟಿತು ಎಂಬುದನ್ನು ನೋಡಿದರೆ ಉತ್ತರದ ದಾರಿಯೂ ಸ್ವಲ್ಪ ಕಾಣುತ್ತದೆ. ಅದಕ್ಕೆ ಕೊಚ್ಚಿ ಮತ್ತು ತಿರುವನಂತಪುರ ಒಳ್ಳೆಯ ಊರುಗಳು. ಬೆಕ್ಕಿನ ಹಳೆಯ ನೆಲೆಯಾದ ಬಂದರು ಅಲ್ಲಿದೆ. ಬೆಕ್ಕಿನ ಹೊಸ ನೆಲೆಯಾದ ಫ್ಲ್ಯಾಟೂ ಅಲ್ಲಿದೆ. ಎರಡರ ನಡುವಿನ ಜಗಳ ತೀರ್ಮಾನಿಸಿದ ನ್ಯಾಯಾಲಯವೂ ಅಲ್ಲೇ ಇದೆ.

ಹಡಗು ಹತ್ತಿದ ಪ್ರಾಣಿ

ಸಾಕುಬೆಕ್ಕಿನ ಮೂಲ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಕಾಡುಬೆಕ್ಕು. ಮನುಷ್ಯ ಧಾನ್ಯ ಕೂಡಿಡಲು ಕಲಿತಾಗ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದೆ ಮನುಷ್ಯನೊಬ್ಬನ ಪಕ್ಕದಲ್ಲೇ ಹೂಳಿದ ಬೆಕ್ಕಿನ ಅಸ್ಥಿ ಸಿಕ್ಕಿದೆ. ಆ ದ್ವೀಪದ ಮೂಲ ಪ್ರಾಣಿಗಳಲ್ಲಿ ಬೆಕ್ಕು ಇರಲಿಲ್ಲ. ಅಂದರೆ ಯಾರೋ ಅದನ್ನು ದೋಣಿಯಲ್ಲಿ ತಂದಿದ್ದರು. ಅಂದಿನಿಂದ ಬೆಕ್ಕು ಲೋಕ ಸುತ್ತಿದ್ದು ಹೆಚ್ಚಾಗಿ ನೀರಿನ ಮೇಲೆ. ಹಗ್ಗ, ಹಾಯಿ, ಧಾನ್ಯ, ತೊಗಲು, ಯಾವುದನ್ನೂ ಬಿಡದ ಇಲಿಗೆ ಎದುರಾಗಿ ಹಡಗಿನವರು ಸಾಕಿಕೊಂಡ ಪ್ರಾಣಿ ಅದು.

ಕೊಚ್ಚಿಯ ಉತ್ತರಕ್ಕೆ, ಪರವೂರಿನ ಹತ್ತಿರ, ಪಟ್ಟಣಂ ಎಂಬ ಹಳ್ಳಿ ಇದೆ. 2007ರಿಂದ ಅಲ್ಲಿ ತಿರುವನಂತಪುರದ ಕೇರಳ ಚರಿತ್ರೆ ಸಂಶೋಧನಾ ಪರಿಷತ್ತು ಉತ್ಖನನ ನಡೆಸಿತು. ಪ್ರಾಚೀನ ಮುಸಿರಿಸ್ ಬಂದರು ಇದೇ ಇರಬೇಕು ಎಂಬುದು ಆ ಸಂಶೋಧಕರ ನಿಲುವು. ಮುಸಿರಿಸ್‌ನಿಂದ ಹೊರಟ ಕರಿಮೆಣಸು ಅರಬ್ಬೀ ಸಮುದ್ರ ದಾಟಿ ಈಜಿಪ್ಟಿನ ಕೆಂಪು ಸಮುದ್ರ ತೀರದ ಬೆರೆನಿಕೆ ಬಂದರು ಸೇರುತ್ತಿತ್ತು. ಬೆರೆನಿಕೆಯ ದೇವಾಲಯವೊಂದರಲ್ಲಿ ಭಾರತದ ಏಳೂವರೆ ಕಿಲೋ ಕರಿಮೆಣಸು ತುಂಬಿದ ಗುಡಾಣವೇ ಸಿಕ್ಕಿದೆ.

ಅದೇ ಬೆರೆನಿಕೆಯ ಹೊರವಲಯದಲ್ಲಿ ಪ್ರಾಣಿಗಳ ಸ್ಮಶಾನವೊಂದು ಬೆಳಕಿಗೆ ಬಂತು. ಕ್ರಿ.ಶ. 1 ಮತ್ತು 2ನೆಯ ಶತಮಾನದ್ದು. ಅಲ್ಲಿ ಅಧ್ಯಯನ ಮಾಡಿದ 585 ಪ್ರಾಣಿಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಬೆಕ್ಕುಗಳೇ. ಕೆಲವಕ್ಕೆ ಕಬ್ಬಿಣದ ಕೊರಳಪಟ್ಟಿ, ಕೆಲವಕ್ಕೆ ಮಣಿಗಳ ಸರ. ಭಾರತದಿಂದ ಹಡಗಿನಲ್ಲಿ ಬಂದ ಕೋತಿಗಳೂ ಅಲ್ಲಿ ಮಣ್ಣಾಗಿವೆ. ಬಂದರಿನ ಗೋದಾಮಿನಲ್ಲಿ ಇಲಿ ಹಿಡಿಯುತ್ತ ತಿರುಗಾಡಿದ ಬೆಕ್ಕಿನ ಕೊರಳಿಗೂ ಯಾರೋ ಮಣಿ ಪೋಣಿಸಿದ್ದರು ಎಂಬುದು ಇದರಿಂದ ತಿಳಿಯುತ್ತದೆ. ಪ್ರೀತಿಯೂ ತಿರುಗಾಟವೂ ಆಗ ಒಂದಕ್ಕೊಂದು ಅಡ್ಡವಾಗಿರಲಿಲ್ಲ. ಬೆಕ್ಕನ್ನು ಪ್ರೀತಿಸುವುದೆಂದರೆ ಕೂಡಿಹಾಕುವುದು ಎಂದು ಯಾರಿಗೂ ಹೊಳೆದಿರಲಾರದು.

1341ರಲ್ಲಿ ಪೆರಿಯಾರ್ ನದಿಯ ದೊಡ್ಡ ಪ್ರವಾಹ ಹಳೆಯ ಬಂದರಿನ ಬಾಯಿ ಮುಚ್ಚಿ ಕೊಚ್ಚಿಯ ಅಳಿವೆಯನ್ನು ತೆರೆಯಿತು ಎಂಬುದು ಪ್ರಚಲಿತ ವಿವರಣೆ. ಮೆಣಸಿನ ವ್ಯಾಪಾರ ಕೊಚ್ಚಿಗೆ ಸರಿಯಿತು. ಮಟ್ಟಾಂಚೇರಿಯಲ್ಲಿ ಗೋದಾಮುಗಳು ಎದ್ದವು. ಮೆಣಸು, ಶುಂಠಿ, ಅಕ್ಕಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಆ ಬೆಕ್ಕುಗಳಿಗೆ ಒಡೆಯರೂ ಇರಲಿಲ್ಲ, ಒಡೆಯರು ಇಲ್ಲದೆಯೂ ಇರಲಿಲ್ಲ. ಓಣಿಯೇ ಅವುಗಳ ಮನೆ.

ಮುಚ್ಚಲಾಗದ ಮನೆ

ಕೇರಳದ ಹಳೆಯ ನಾಲುಕೆಟ್ಟು ಮನೆಯನ್ನು ನೋಡಿದವರಿಗೆ ಒಂದು ಮಾತು ತಟ್ಟನೆ ಅರ್ಥವಾಗುತ್ತದೆ: ಅಲ್ಲಿ ಬೆಕ್ಕನ್ನು ಒಳಗಿಡುವುದು ಸಾಧ್ಯವೇ ಇರಲಿಲ್ಲ. ನಡುವೆ ಆಕಾಶಕ್ಕೆ ತೆರೆದ ನಡುಮುಟ್ಟ, ಸುತ್ತ ಜಗಲಿ, ಗೋಡೆಗೂ ಮಾಡಿಗೂ ನಡುವೆ ಗಾಳಿಯಾಡಲು ಬಿಟ್ಟ ಸಂದು, ಮೇಲೆ ಅಟ್ಟ. ಮಲೆನಾಡು, ಕರಾವಳಿಯ ತೊಟ್ಟಿಮನೆಗಳೂ ಹೀಗೇ. ಮನುಷ್ಯರಿಗೆ ಬಾಗಿಲು, ಬೆಕ್ಕಿಗೆ ಇಡೀ ಮನೆಯೇ ಬಾಗಿಲು. ಭತ್ತ ತುಂಬಿದ ಅರೆಯ ಕಾವಲು ಅದರ ಕೆಲಸ. ಮೀನಿನ ತಲೆ, ಬಾಲ ಅದರ ಸಂಬಳ. ಕೊಚ್ಚಿಯಲ್ಲಿ ಮತ್ತಿ, ತಿರುವನಂತಪುರದಲ್ಲಿ ಚಾಳ, ಮಂಗಳೂರಿನಲ್ಲಿ ಬೂತಾಯಿ. ಹೆಸರು ಬೇರೆಯಾದರೂ ಮೀನು ಕೊಯ್ಯುವ ಕಲ್ಲಿನ ಪಕ್ಕದಲ್ಲಿ ಕೂರುವ ಪ್ರಾಣಿ ಒಂದೇ.

ಚಿನ್ನ ಕರಗಿಸುವ ಜಾಗದಲ್ಲಿ ಬೆಕ್ಕಿಗೇನು ಕೆಲಸ ಎಂಬ ಗಾದೆ ಮಲಯಾಳಂನಲ್ಲಿದೆ. ಸಂಬಂಧವಿಲ್ಲದ ಕಡೆ ಮೂಗು ತೂರಿಸುವವರಿಗೆ ಹೇಳುವ ಮಾತು. ಗಾದೆ ಹುಟ್ಟಬೇಕಾದರೆ ಅಕ್ಕಸಾಲಿಗನ ಕುಲುಮೆಯ ಪಕ್ಕದಲ್ಲೂ ಬೆಕ್ಕು ಸುಳಿದಾಡುತ್ತಿರಬೇಕು. ಎಲ್ಲೆಂದರಲ್ಲಿ ಇರುವುದೇ ಅದರ ಸ್ವಭಾವ ಎಂದು ಜನ ಒಪ್ಪಿಕೊಂಡಿದ್ದರು. ಎಲ್ಲಿ ಹೋಯಿತು, ಯಾವಾಗ ಬಂತು ಎಂದು ಲೆಕ್ಕ ಇಡುತ್ತಿರಲಿಲ್ಲ. ಒಂದು ದಿನ ಬಾರದಿದ್ದರೆ, ಬರಲಿಲ್ಲ ಅಷ್ಟೆ.

ಈ ಕೊನೆಯ ವಾಕ್ಯವನ್ನು ಮರೆಯಬಾರದು. ಹಿಂದಿನವರು ಬೆಕ್ಕನ್ನು ಹೊರಗೆ ಬಿಡುತ್ತಿದ್ದರು, ಅದು ಸುಖವಾಗಿತ್ತು ಎನ್ನುವ ನೆನಪಿನಲ್ಲಿ ಬಾರದೇ ಹೋದ ಬೆಕ್ಕುಗಳ ಲೆಕ್ಕವಿಲ್ಲ. ವರ್ಷಕ್ಕೆ ಎರಡು ಮೂರು ಸಲ ಮರಿ ಹಾಕುವ ಪ್ರಾಣಿಯ ಸಂಖ್ಯೆ ಊರಿನಲ್ಲಿ ಹೆಚ್ಚುಕಡಿಮೆ ಹಾಗೇ ಉಳಿದಿತ್ತೆಂದರೆ, ಹುಟ್ಟಿದ ಮರಿಗಳಲ್ಲಿ ಬಹುಪಾಲು ಸಾಯುತ್ತಿದ್ದವು ಎಂದೇ ಅರ್ಥ. ಹಸಿವು, ರೋಗ, ನಾಯಿ, ನರಿ, ಮಳೆ ಆ ಕೆಲಸ ಮಾಡುತ್ತಿದ್ದವು. ಬೇಡದ ಮರಿಗಳನ್ನು ಗೋಣಿಚೀಲದಲ್ಲಿ ಹಾಕಿ ಮೀನು ಮಾರುಕಟ್ಟೆಯ ಹತ್ತಿರವೋ ಹೊಳೆಯಾಚೆಯೋ ಬಿಟ್ಟುಬರುವ ರೂಢಿ ಕೇರಳದಲ್ಲೂ ಇತ್ತು, ಕರ್ನಾಟಕದಲ್ಲೂ ಇತ್ತು; ಈಗಲೂ ಪೂರ್ತಿ ನಿಂತಿಲ್ಲ. ತೆರೆದ ಬಾಗಿಲಿನ ಸ್ವಾತಂತ್ರ್ಯಕ್ಕೆ ಇದು ಅಂದಿನ ಬೆಲೆ.

ಇಲಿಯ ಲೆಕ್ಕವೂ ಅಷ್ಟು ಸಲೀಸಲ್ಲ. 2018ರ ಆಗಸ್ಟ್ ಪ್ರವಾಹದ ನಂತರ ಕೇರಳದಲ್ಲಿ ಇಲಿಜ್ವರ ಹಬ್ಬಿತು. ಅಲ್ಲಿನವರ ಬಾಯಲ್ಲಿ ಅದು ‘ಎಲಿಪ್ಪನಿ’. ಅದನ್ನು ತಡೆಯಲು ನೆರವಾದದ್ದು ಆರೋಗ್ಯ ಇಲಾಖೆ ಹಂಚಿದ ಡಾಕ್ಸಿಸೈಕ್ಲಿನ್ ಮಾತ್ರೆ ಮತ್ತು ಸ್ವಚ್ಛತೆಯ ಕೆಲಸ. ಬೆಕ್ಕು ಇಲಿಯನ್ನು ಎಷ್ಟು ಹಿಡಿಯುತ್ತದೆ ಎಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕಸ ಸಂಸ್ಕರಣೆಯ ಜಾಗವೊಂದರಲ್ಲಿ ಕ್ಯಾಮೆರಾ ಇಟ್ಟು ನೋಡಿದ ಅಧ್ಯಯನ ಅದೇ 2018ರಲ್ಲಿ ಪ್ರಕಟವಾಯಿತು. 79 ದಿನಗಳಲ್ಲಿ ಬೆಕ್ಕುಗಳು ಕೊಂದದ್ದು ಎರಡೇ ಇಲಿ. ದೊಡ್ಡ ಹೆಗ್ಗಣದ ಜೊತೆ ಸೆಣಸುವುದಕ್ಕಿಂತ ಸಣ್ಣ ಬೇಟೆ ಬೆಕ್ಕಿಗೆ ಹಿತ. ಮನೆಯ ಚಿಕ್ಕ ಇಲಿ, ಸುಂಡಿಲಿಯ ಮಟ್ಟಿಗೆ ಅದು ಉಪಯೋಗಕ್ಕೆ ಬರಬಹುದು. ನಗರದ ಚರಂಡಿಯ ಹೆಗ್ಗಣಕ್ಕೆ ಅದು ಮದ್ದಲ್ಲ. ಇಲಿಗಾಗಿ ಬಾಗಿಲು ತೆರೆದಿಡಬೇಕು ಎಂಬ ಹಳೆಯ ಕಾರಣ ನಗರದಲ್ಲಿ ಸಡಿಲವಾಗಿದೆ.

ಬಾಗಿಲು ಮುಚ್ಚಿದ್ದು ಯಾರು?

ಬೆಕ್ಕನ್ನು ಹಗಲಿರುಳು ಮನೆಯೊಳಗೇ ಇಡುವುದು ಸಾಧ್ಯವಾದದ್ದು ಒಂದು ಸಾಮಾನ್ಯ ವಸ್ತುವಿನಿಂದ: ಮಣ್ಣು. 1947ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಕಸೋಪೊಲಿಸ್ ಎಂಬ ಸಣ್ಣ ಊರಿನಲ್ಲಿ ಎಡ್ ಲೋ ಎಂಬಾತ, ಬೆಕ್ಕಿನ ಮಲಮೂತ್ರಕ್ಕೆ ಬೂದಿ ಬಳಸುತ್ತಿದ್ದ ನೆರೆಯವರಿಗೆ ದ್ರವ ಹೀರುವ ಜೇಡಿಮಣ್ಣಿನ ಹರಳು ಕೊಟ್ಟ. ಅದು ವಾಸನೆಯನ್ನೂ ಹೀರಿತು. ಪೊಟ್ಟಣ ಕಟ್ಟಿ ಮಾರತೊಡಗಿದ. ‘ಕಿಟ್ಟಿ ಲಿಟರ್’ ಎಂಬ ವ್ಯಾಪಾರ ಹಾಗೆ ಹುಟ್ಟಿತು. ಅಲ್ಲಿಯವರೆಗೆ ಬೆಕ್ಕು ದಿನಕ್ಕೆ ಕೆಲವು ಸಲವಾದರೂ ಹೊರಗೆ ಹೋಗಲೇಬೇಕಿತ್ತು. ಇನ್ನು ಹೋಗಬೇಕಿರಲಿಲ್ಲ. ಗಂಡುಬೆಕ್ಕು ಗೋಡೆಗೆ ಮೂತ್ರ ಸಿಡಿಸುವುದನ್ನೂ ಹೆಣ್ಣುಬೆಕ್ಕು ಬೆದೆಗೆ ಬಂದು ಇರುಳೆಲ್ಲ ಕೂಗುವುದನ್ನೂ ಸಂತಾನಹರಣ ಶಸ್ತ್ರಚಿಕಿತ್ಸೆ ತಗ್ಗಿಸಿತು. ಒಣ ಬಿಸ್ಕತ್ತು ಬಂದ ಮೇಲೆ ಮೀನಿನ ಮಾರುಕಟ್ಟೆಯ ಹಂಗೂ ತಪ್ಪಿತು.

ಈ ಮೂರೂ ಸೌಲಭ್ಯ ಕೇರಳದ ಮಧ್ಯಮವರ್ಗದ ಮನೆಗೆ ತಲುಪಿದ್ದು ತೀರ ತಡವಾಗಿ. ಅವುಗಳಿಗೆ ಮುಂಚೆ ಅಥವಾ ಜೊತೆಗೆ ಬಂದದ್ದು ಫ್ಲ್ಯಾಟು. ಕೊಲ್ಲಿಯ ದುಡಿಮೆಯ ಹಣ, ಏರಿದ ನಿವೇಶನದ ಬೆಲೆ ಸೇರಿ ಕೊಚ್ಚಿಯ ಹಿನ್ನೀರಿನ ಅಂಚಿನಲ್ಲಿ ಬಹುಮಹಡಿ ಕಟ್ಟಡಗಳು ಎದ್ದವು. ಎಂಟನೆಯ ಮಹಡಿಯ ಬೆಕ್ಕಿಗೆ ಹೊರಗು ಎಂದರೆ ಬಾಲ್ಕನಿ. ಅದೂ ನಿರಪಾಯವಲ್ಲ. ಎತ್ತರದಿಂದ ಬಿದ್ದ 132 ಬೆಕ್ಕುಗಳನ್ನು ನ್ಯೂಯಾರ್ಕಿನ ಪಶುವೈದ್ಯರು ಪರೀಕ್ಷಿಸಿ 1987ರಲ್ಲಿ ವರದಿ ಬರೆದರು. ಚಿಕಿತ್ಸೆ ಪಡೆದವುಗಳಲ್ಲಿ ನೂರಕ್ಕೆ ತೊಂಬತ್ತು ಬದುಕಿದವು. ಬೆಕ್ಕಿಗೆ ಒಂಬತ್ತು ಪ್ರಾಣ ಎಂದು ಜನ ಹಿಗ್ಗಿದರು. ಎದೆಗೂಡಿಗೆ ಪೆಟ್ಟು, ಮುರಿದ ದವಡೆ, ಕಾಲುಗಳ ವಿವರ ಅದೇ ವರದಿಯಲ್ಲಿದ್ದದ್ದನ್ನು ಅಷ್ಟಾಗಿ ಓದಲಿಲ್ಲ.

ತಿರುವನಂತಪುರದ ಚಿತ್ರ ಸ್ವಲ್ಪ ಬೇರೆ. ಅಲ್ಲಿ ಇನ್ನೂ ಕಾಂಪೌಂಡಿನೊಳಗಿನ ಒಂಟಿ ಮನೆಗಳು, ತೆಂಗು, ಹಲಸು, ಬಾಳೆಯ ಹಿತ್ತಲುಗಳು ಸಾಕಷ್ಟಿವೆ. ಬೆಕ್ಕು ಗೋಡೆಯಿಂದ ಗೋಡೆಗೆ ನಡೆದೇ ಬೀದಿ ಮುಗಿಸಬಲ್ಲದು. ಆದರೆ 2011ರ ಜನಗಣತಿಯ ಪ್ರಕಾರ ಆ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ ಸುಮಾರು 1,500 ಜನ. ಒಂದು ಬೆಕ್ಕಿನ ಮಾಮೂಲಿ ಸುತ್ತಾಟದೊಳಗೆ ಹತ್ತಾರು ಮನೆ, ಅಡುಗೆಮನೆ, ಕೋಳಿಗೂಡು, ಮಕ್ಕಳು, ಬೀದಿನಾಯಿಗಳು ಬಂದುಬಿಡುತ್ತವೆ. ಒಬ್ಬರ ಮನೆಯ ತೆರೆದ ಬಾಗಿಲು ಇನ್ನೊಬ್ಬರ ಹಿತ್ತಲಿಗೆ ತೆರೆದುಕೊಳ್ಳುತ್ತದೆ.

ಪೇವಿಷದ ಲೆಕ್ಕ

ರೇಬಿಸ್‌ಗೆ ಮಲಯಾಳಂನಲ್ಲಿ ‘ಪೇವಿಷ’ ಎನ್ನುತ್ತಾರೆ. ಕನ್ನಡದಲ್ಲಿ ಅದು ಹುಚ್ಚುನಾಯಿ ರೋಗ. ಆ ಹೆಸರಿನಲ್ಲೇ ಒಂದು ತೊಡಕಿದೆ: ನಾಯಿಯೊಂದರ ಕಡೆಗೇ ಬೆರಳು ತೋರಿಸುತ್ತದೆ. ಭಾರತದಲ್ಲಿ ಮನುಷ್ಯರಿಗೆ ಈ ರೋಗ ಬರುವುದು ಬಹುಪಾಲು ನಾಯಿಯಿಂದಲೇ, ನಿಜ. ಆದರೆ ನಾಯಿ ಕಚ್ಚಿದ ಬೆಕ್ಕು ಮನೆಯೊಳಗೆ ಬಂದು ಮಡಿಲಲ್ಲಿ ಕೂರುತ್ತದೆ.

2021ರ ಆರಂಭದಲ್ಲಿ ಹೊರಬಂದ ಕೇರಳ ಆರೋಗ್ಯ ನಿರ್ದೇಶನಾಲಯದ ಅಂಕಿಅಂಶ ಅನೇಕರನ್ನು ಅಚ್ಚರಿಗೊಳಿಸಿತು. ಬೆಕ್ಕು ಕಚ್ಚಿ ಚಿಕಿತ್ಸೆಗೆ ಬಂದವರ ಸಂಖ್ಯೆ ನಾಯಿ ಕಚ್ಚಿ ಬಂದವರಿಗಿಂತ ಹೆಚ್ಚಿತ್ತು. 2020ರಲ್ಲಿ ಬೆಕ್ಕಿನ ಕಡಿತ 2,16,551, ನಾಯಿಯದು 1,60,483. 2021ರ ಜನವರಿ ಒಂದೇ ತಿಂಗಳಲ್ಲಿ ಬೆಕ್ಕಿನ ಕಡಿತ 28,186, ನಾಯಿಯದು 20,875.

ಈ ಅಂಕಿಗಳನ್ನು ಓದುವಾಗ ಎರಡು ಎಚ್ಚರ ಬೇಕು. ಇವರೆಲ್ಲ ರೇಬಿಸ್ ತಗುಲಿದವರಲ್ಲ; ಕಚ್ಚಿದ್ದಕ್ಕೋ ಪರಚಿದ್ದಕ್ಕೋ ಹೆದರಿ ಸೂಜಿ ಹಾಕಿಸಿಕೊಳ್ಳಲು ಬಂದವರು. ಇನ್ನೊಂದು, ಸಣ್ಣ ಗಾಯಕ್ಕೂ ಆಸ್ಪತ್ರೆಗೆ ಹೋಗುವ ರೂಢಿ ಕೇರಳದಲ್ಲಿ ಹೆಚ್ಚು, ಹೋಗಲು ಆಸ್ಪತ್ರೆಯೂ ಹತ್ತಿರವಿದೆ. ಹಾಗಾಗಿ ಕೇರಳದ ಬೆಕ್ಕು ಬೇರೆ ಕಡೆಯ ಬೆಕ್ಕಿಗಿಂತ ಕ್ರೂರ ಎಂದು ತೀರ್ಮಾನಿಸುವಂತಿಲ್ಲ. ಆದರೆ ಒಂದು ಮಾತಂತೂ ಖಚಿತ: ಎರಡು ಲಕ್ಷಕ್ಕೂ ಹೆಚ್ಚು ಸಲ, ತಮ್ಮನ್ನು ಕಚ್ಚಿದ ಬೆಕ್ಕಿನ ಬಗ್ಗೆ ಜನರಿಗೆ ನಿಶ್ಚಿಂತೆ ಇರಲಿಲ್ಲ. ಅದು ಎಲ್ಲಿ ಹೋಗಿತ್ತು, ಯಾವುದರ ಜೊತೆ ಕಾದಾಡಿತ್ತು, ಅದಕ್ಕೆ ಲಸಿಕೆ ಆಗಿತ್ತೇ ಎಂಬ ಪ್ರಶ್ನೆಗಳಿಗೆ ಉತ್ತರ ಇಲ್ಲದಾಗಲೇ ಮನುಷ್ಯರ ತೋಳಿಗೆ ಸೂಜಿ ಬೀಳುತ್ತದೆ.

ಲೂಯಿ ಪಾಶ್ಚರ್ ಈ ರೋಗಕ್ಕೆ ಮೊದಲ ಲಸಿಕೆ ಕೊಟ್ಟದ್ದು 1885ರ ಜುಲೈಯಲ್ಲಿ. ದಕ್ಷಿಣ ಭಾರತಕ್ಕೆ ಅದು ಬಂದದ್ದು 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಶುರುವಾದಾಗ. ಇಂದು ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ ಚುಚ್ಚುಮದ್ದಿಗೆ ಅಂದಿನವರು ಬೆಟ್ಟ ಹತ್ತಬೇಕಿತ್ತು. ಬೆಕ್ಕಿಗೂ ಲಸಿಕೆ ಈಗ ಸುಲಭ: ಮೂರು ತಿಂಗಳಿಗೆ ಮೊದಲನೆಯದು, ಆಮೇಲೆ ವೈದ್ಯರು ಹೇಳಿದಂತೆ ಮತ್ತೊಂದು, ಅನಂತರ ವರ್ಷ ವರ್ಷ. ರೋಗಲಕ್ಷಣ ಕಂಡ ಮೇಲೆ ಮನುಷ್ಯನಾಗಲಿ ಬೆಕ್ಕಾಗಲಿ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಆದ್ದರಿಂದ ಬಾಗಿಲಿನ ಪ್ರಶ್ನೆಗೆ ಮುಂಚೆ ಲಸಿಕೆಯ ಪ್ರಶ್ನೆ ಬರುತ್ತದೆ.

ಕಾನೂನಿಗೆ ಕಂಡ ಬೆಕ್ಕು

ಕಾನೂನು ಬೆಕ್ಕನ್ನು ಬಹಳ ಕಾಲ ನೋಡಲೇ ಇಲ್ಲ. 1860ರ ಭಾರತೀಯ ದಂಡ ಸಂಹಿತೆಯ 429ನೆಯ ಕಲಮಿನಲ್ಲಿ ಆನೆ, ಒಂಟೆ, ಕುದುರೆ, ಹಸು, ಎಮ್ಮೆಗಳ ಹೆಸರಿತ್ತು. ಉಳಿದವು ಐವತ್ತು ರೂಪಾಯಿ ಬಾಳಿದರೆ ಲೆಕ್ಕಕ್ಕೆ. ಅದರ ಹಿಂದಿನ ಕಲಮಿನಲ್ಲಿ ಹತ್ತು ರೂಪಾಯಿಯ ಮಿತಿ. ಬೀದಿಯ ಬೆಕ್ಕಿಗೆ ಬೆಲೆ ಕಟ್ಟುವವರು ಯಾರು? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮು ಈ ಬೆಲೆಯ ಮಾತನ್ನು ತೆಗೆದುಹಾಕಿತು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಎಲ್ಲ ಪ್ರಾಣಿಗಳಿಗೂ ಅನ್ವಯಿಸಿದರೂ ಮೊದಲ ತಪ್ಪಿಗೆ ಅದರ ದಂಡ ಹತ್ತರಿಂದ ಐವತ್ತು ರೂಪಾಯಿ. ಕೇರಳದಲ್ಲಿ 1998ರ ಪಂಚಾಯತ್ ನಿಯಮಗಳು ಸಾಕುವುದಕ್ಕೆ ಪರವಾನಗಿ ಕೇಳಿದ್ದು ಹಂದಿ ಮತ್ತು ನಾಯಿಗೆ. ಬೆಕ್ಕಿನ ಹೆಸರೇ ಇರಲಿಲ್ಲ.

ಇದನ್ನು ಅಲುಗಾಡಿಸಿದ್ದು ಒಂದು ನಾಯಿಯ ಸಾವು. 2021ರ ಜೂನ್ 28ರಂದು ತಿರುವನಂತಪುರದ ಅಡಿಮಲತ್ತುರ ಕಡಲತೀರದಲ್ಲಿ ಬ್ರೂನೊ ಎಂಬ ಲ್ಯಾಬ್ರಡಾರ್ ನಾಯಿಯನ್ನು ಕಟ್ಟಿ ತೂಗುಹಾಕಿ ಹೊಡೆದು ಕೊಂದರು. ದಿನವೂ ತೀರಕ್ಕೆ ಆಡಲು ಹೋಗುತ್ತಿದ್ದ ನಾಯಿ ಅದು. ದೋಣಿಯ ನೆರಳಿನಲ್ಲಿ ಮಲಗಿದ್ದೇ ಅದರ ತಪ್ಪಾಯಿತು. ವಿಡಿಯೊ ಹರಿದಾಡಿತು. ಹೈಕೋರ್ಟು ತಾನೇ ಪ್ರಕರಣ ಕೈಗೆತ್ತಿಕೊಂಡು ಅದಕ್ಕೆ ಬ್ರೂನೊನ ಹೆಸರಿಟ್ಟಿತು. ಸಾಕುಪ್ರಾಣಿ ಇರುವವರೆಲ್ಲ ಆರು ತಿಂಗಳೊಳಗೆ ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿಸುವಂತೆ ಆದೇಶ ಹೊರಡಿಸಲು ಆ ಜುಲೈಯಲ್ಲಿ ಸರ್ಕಾರಕ್ಕೆ ಸೂಚಿಸಿತು. ಅದೇ ವರ್ಷದ ನವೆಂಬರಿನಲ್ಲಿ ಫ್ಲ್ಯಾಟುಗಳ ನಿವಾಸಿ ಸಂಘಗಳು ಸಾಕುಪ್ರಾಣಿಯನ್ನು ಪೂರ್ತಿ ನಿಷೇಧಿಸುವ ನಿಯಮ ಮಾಡುವಂತಿಲ್ಲ ಎಂದು ತೀರ್ಪು ಬಂತು. ಆದರೆ ಸಾಕುವವರ ಹಕ್ಕು ನೆರೆಯವರ ಹಕ್ಕಿಗೆ ಒಳಪಟ್ಟದ್ದು, ಸಂಘಗಳು ನ್ಯಾಯವಾದ ಷರತ್ತು ವಿಧಿಸಬಹುದು ಎಂದೂ ಅದೇ ತೀರ್ಪು ಹೇಳಿತು. ಬೆಕ್ಕಿನ ಬಾಗಿಲಿಗೆ ಈ ಎರಡೂ ಮಾತು ಸಲ್ಲುತ್ತವೆ: ಬೆಕ್ಕನ್ನು ಸಾಕಬಹುದು, ಆದರೆ ಅದು ಎಲ್ಲಿ ಹೋಗುತ್ತದೆ ಎಂಬುದು ಇನ್ನು ಸಾಕುವವರೊಬ್ಬರ ವಿಷಯವಲ್ಲ.

ಕೂಡಿಹಾಕುವುದರ ಬಗ್ಗೆಯೂ ಇದೇ ನ್ಯಾಯಾಲಯಕ್ಕೆ ಹಳೆಯ ನೆನಪಿದೆ. ಭಾರತದ ಸರ್ಕಸ್ಸಿನ ತವರು ಕೇರಳದ ತಲಶ್ಶೇರಿ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಕುಣಿಸುವುದಕ್ಕೆ ಕೇಂದ್ರ ಹಾಕಿದ ನಿಷೇಧವನ್ನು 2000ದ ಜೂನಿನಲ್ಲಿ ಎತ್ತಿಹಿಡಿದದ್ದು ಕೇರಳ ಹೈಕೋರ್ಟೇ. ಪಂಜರದ ಬದುಕು ಬದುಕಲ್ಲ ಎಂಬ ಧಾಟಿ ಆ ತೀರ್ಪಿನದು. 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಎತ್ತಿ ಹೇಳಿದರು: ಹಸಿವಿನಿಂದ, ಭಯದಿಂದ, ಇರುಸುಮುರುಸಿನಿಂದ, ನೋವು ರೋಗಗಳಿಂದ ಬಿಡುಗಡೆ, ಮತ್ತು ತನ್ನ ಸಹಜ ನಡವಳಿಕೆಯಂತೆ ಬದುಕುವ ಅವಕಾಶ. ಬ್ರಿಟನ್ನಿನಲ್ಲಿ 1965ರ ಬ್ರ್ಯಾಂಬೆಲ್ ಸಮಿತಿಯ ವರದಿಯಿಂದ ಬೆಳೆದ ಪಟ್ಟಿ ಇದು. 2023ರಲ್ಲಿ ಐವರ ಪೀಠ ಜಲ್ಲಿಕಟ್ಟಿಗೆ ಅವಕಾಶ ಕೊಡುವ ರಾಜ್ಯದ ತಿದ್ದುಪಡಿಯನ್ನು ಒಪ್ಪಿದ್ದರಿಂದ 2014ರ ತೀರ್ಪಿನ ಬಲ ತಗ್ಗಿದ್ದು ನಿಜ. ಆದರೂ ಯೋಚಿಸುವುದಕ್ಕೆ ಆ ಪಟ್ಟಿ ಈಗಲೂ ಒಳ್ಳೆಯ ಅಳತೆಗೋಲು. ಬೆಕ್ಕಿನ ಮುಂದೆ ಅದನ್ನು ಹಿಡಿದರೆ ತೊಡಕು ಕಾಣುತ್ತದೆ. ಮೊದಲ ನಾಲ್ಕು ಸ್ವಾತಂತ್ರ್ಯಗಳು ಬಾಗಿಲು ಮುಚ್ಚು ಎನ್ನುತ್ತವೆ. ಐದನೆಯದು ತೆರೆ ಎನ್ನುತ್ತದೆ.

ಹೈಕೋರ್ಟಿನ ಹಿಂದಿನ ಹಕ್ಕಿಗಳು

ಕೇರಳ ಹೈಕೋರ್ಟಿನ ಕಟ್ಟಡದ ಹಿಂದೆಯೇ ಮಂಗಳವನಂ ಇದೆ. ಮೂರು ಹೆಕ್ಟೇರೂ ತುಂಬದ ಕಾಂಡ್ಲಾ ಕಾಡು, 2004ರಲ್ಲಿ ಪಕ್ಷಿಧಾಮವಾಯಿತು. ಕೊಚ್ಚಿಯ ಗದ್ದಲದ ನಡುವೆ ನೀರುಕಾಗೆ, ಇರುಳುಬಕಗಳು ಅಲ್ಲಿ ಗೂಡು ಕಟ್ಟುತ್ತವೆ. ಸಲೀಂ ಅಲಿ 1933ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳ ಹಕ್ಕಿಗಳನ್ನು ಸಮೀಕ್ಷೆ ಮಾಡಿದಾಗ ಇಂಥ ಜಾಗಗಳು ಎಷ್ಟೋ ಇದ್ದವು. ಈಗ ಉಳಿದವು ಕೆಲವು ತುಣುಕುಗಳು. ತುಣುಕಿನಲ್ಲಿ ಬದುಕುವ ಹಕ್ಕಿಗೆ ಬೆಕ್ಕು ದೊಡ್ಡ ಅಪಾಯ. ಬೇಲಿ ಹಾಕುವುದು ಮನುಷ್ಯರಿಗಾಗಿ. ಬೆಕ್ಕಿಗೆ ಬೇಲಿ ಒಂದು ಮೆಟ್ಟಿಲು.

ಅಪಾಯ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದ ಕತೆ ಪ್ರಸಿದ್ಧ. 1894ರಲ್ಲಿ ಅಲ್ಲಿ ದೀಪಸ್ತಂಭ ಬಂತು, ಅದರ ಜೊತೆ ಬೆಕ್ಕು ಬಂತು. ಹಾರಲಾರದ ಪುಟ್ಟ ಹಕ್ಕಿಯೊಂದು ವಿಜ್ಞಾನಿಗಳ ಕಣ್ಣಿಗೆ ಬೀಳುವಷ್ಟರಲ್ಲಿ ಬೆಕ್ಕುಗಳ ಬಾಯಿ ಸೇರಿ ಒಂದೆರಡು ವರ್ಷದಲ್ಲಿ ಇಲ್ಲವಾಯಿತು. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರ ಅಧ್ಯಯನವೊಂದು ಅಂದಾಜು ಮಾಡಿತು. ಅದರಲ್ಲಿ ಬಹುಪಾಲು ಒಡೆಯರಿಲ್ಲದ ಬೆಕ್ಕುಗಳದು. ಜರ್ಮನಿಯ ವಾಲ್‌ಡಾರ್ಫ್ ಪಟ್ಟಣ 2022ರಲ್ಲಿ, ಅಪರೂಪವಾಗಿದ್ದ ಜುಟ್ಟಿನ ನೆಲಗುಬ್ಬಿ ಮರಿ ಮಾಡುವ ಕಾಲದಲ್ಲಿ ಬೆಕ್ಕುಗಳನ್ನು ಹೊರಬಿಡುವಂತಿಲ್ಲ ಎಂದು ಆಜ್ಞೆ ಹೊರಡಿಸಿತು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 2022ರ ಜುಲೈ 1ರ ನಂತರ ಹುಟ್ಟಿದ ಬೆಕ್ಕುಗಳೆಲ್ಲ ಮನೆಯ ಆವರಣದೊಳಗೇ ಇರಬೇಕು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಗಾದೆ ಇಲ್ಲಿ ನಿಜಕ್ಕೂ ಪ್ರಯೋಗವಾಗಿದೆ. ಇಂಗ್ಲೆಂಡಿನಲ್ಲಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೊರಳ ಗಂಟೆಯಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಹೆಚ್ಚು ಮಾಂಸಾಂಶದ ಆಹಾರ ಕೊಟ್ಟಾಗ ಮನೆಗೆ ಹೊತ್ತು ತರುವ ಬೇಟೆ 36 ಪ್ರತಿಶತ ಕಡಿಮೆಯಾಯಿತು. ದಿನಕ್ಕೆ ಐದು ಹತ್ತು ನಿಮಿಷ ಬೆಕ್ಕಿನ ಜೊತೆ ಆಟವಾಡಿದರೆ 25 ಪ್ರತಿಶತ. ಬಣ್ಣದ ಬಟ್ಟೆಯ ಕೊರಳಪಟ್ಟಿ ಹಕ್ಕಿಗಳ ಬೇಟೆಯನ್ನು 42 ಪ್ರತಿಶತ ತಗ್ಗಿಸಿತು. ಬೇಟೆಯ ಹಂಬಲವನ್ನು ಮನೆಯೊಳಗೇ ಸ್ವಲ್ಪ ಮಟ್ಟಿಗೆ ತಣಿಸಬಹುದು ಎಂಬುದು ಇದರ ತಾತ್ಪರ್ಯ.

ಹಿಂದೊಮ್ಮೆ ಎರ್ನಾಕುಲಂನಲ್ಲಿ ಪುಸ್ತಕದಂಗಡಿ ಇಟ್ಟಿದ್ದ ವೈಕಂ ಮುಹಮ್ಮದ್ ಬಷೀರರ ಒಂದು ಪ್ರಸಿದ್ಧ ಕತೆಯ ಹೆಸರಿನ ಅರ್ಥ ‘ಭೂಮಿಯ ಹಕ್ಕುದಾರರು’. ಕೊಂಡ ನೆಲದ ಮೇಲೆ ಹಕ್ಕಿ, ಬಾವಲಿ, ಹಾವುಗಳಿಗೂ ಪಾಲಿದೆ ಎಂಬುದು ಅದರ ತಿರುಳು. ಬೆಕ್ಕಿನ ಬಾಗಿಲು ತೆರೆಯುವಾಗ ಮರೆತುಹೋಗುವುದು ಇದೇ. ಬೆಕ್ಕಿಗೆ ಪಾಲಿದ್ದಂತೆ ಅದು ಹಿಡಿಯುವ ಹಕ್ಕಿಗೂ ಓತಿಕೇತಕ್ಕೂ ಪಾಲಿದೆ.

ತೆರೆಯುವ ಮುನ್ನ

ಇಷ್ಟೆಲ್ಲ ನೋಡಿದ ಮೇಲೆ ಕೊಚ್ಚಿಯ ಫ್ಲ್ಯಾಟಿಗೆ ಒಂದು ಮರಿಬೆಕ್ಕು ಬಂದರೆ ಏನು ಮಾಡಬೇಕು? ಒಳಗೇ ಬೆಳೆಸುವುದು ಸರಿ. ಬೀದಿಯ ರುಚಿ ಕಾಣದ ಬೆಕ್ಕು ಅದಕ್ಕಾಗಿ ಅಷ್ಟಾಗಿ ಹಂಬಲಿಸುವುದಿಲ್ಲ. ಆದರೆ ಆಗ ಐದನೆಯ ಸ್ವಾತಂತ್ರ್ಯದ ಸಾಲ ತೀರಿಸುವ ಹೊಣೆ ಮನೆಯವರದು: ಹತ್ತಲು ಎತ್ತರದ ಜಾಗ, ಪರಚಲು ತೆಂಗಿನ ನಾರಿನ ಹಗ್ಗ ಸುತ್ತಿದ ಕಂಬ, ಬಲೆ ಬಿಗಿದ ಬಾಲ್ಕನಿ, ದಿನವೂ ತಪ್ಪದ ಆಟ. ಬಿಸ್ಕತ್ತು ಹಾಕಿ ಬಾಗಿಲು ಎಳೆದುಕೊಂಡು ಕೆಲಸಕ್ಕೆ ಹೋಗುವುದು ಸಾಕುವುದಲ್ಲ.

ತಿರುವನಂತಪುರದ ಹಿತ್ತಲಿನಲ್ಲಿ ವರ್ಷಗಟ್ಟಲೆ ಓಡಾಡಿದ ದೊಡ್ಡ ಬೆಕ್ಕನ್ನು ಒಂದೇ ದಿನ ಕೂಡಿಹಾಕಿದರೆ ಅದು ಕಂಗೆಡುತ್ತದೆ. ಅದಕ್ಕೆ ಸಂಜೆಯ ಊಟ ಮನೆಯೊಳಗೆ ಹಾಕಿ, ಕತ್ತಲಾದ ಮೇಲೆ ಬಾಗಿಲು ಮುಚ್ಚುವುದು ಮೊದಲ ಹೆಜ್ಜೆ. ಜಗಳ, ಬೇಟೆ ಹೆಚ್ಚಾಗುವುದು ನಸುಕು ಮುಸ್ಸಂಜೆ ಇರುಳಿನಲ್ಲೇ. ಹಗಲಲ್ಲಿ ಕಾಂಪೌಂಡಿನೊಳಗೆ, ಯಾರಾದರೂ ಕಣ್ಣಿಟ್ಟಿರುವಾಗ, ಬಿಸಿಲು ಕಾಯಿಸಲಿ. ಎರಡೂ ಊರಿನ ಬೆಕ್ಕಿಗೆ ಲಸಿಕೆ ಮತ್ತು ಸಂತಾನಹರಣ ತಪ್ಪಬಾರದು. ಐದಾರು ತಿಂಗಳಿಗೇ ಗರ್ಭ ಧರಿಸಬಲ್ಲ, ಒಂಬತ್ತು ವಾರದಲ್ಲಿ ಮರಿ ಹಾಕಬಲ್ಲ ಪ್ರಾಣಿಯನ್ನು ಹಾಗೇ ಹೊರಬಿಟ್ಟರೆ ಮುಂದಿನ ಗೋಣಿಚೀಲಕ್ಕೆ ಇಂದೇ ದಾರಿ ಮಾಡಿದಂತೆ. ಇವೆರಡೂ ಆಗದ ಬೆಕ್ಕಿಗೆ ಬಾಗಿಲು ತೆರೆದು ಅದನ್ನು ಸ್ವಾತಂತ್ರ್ಯ ಎಂದು ಕರೆಯುವುದು ಸರಿಯಲ್ಲ. ಅದರ ಸರಿಯಾದ ಹೆಸರು ಉದಾಸೀನ.

ಎರಡು ಸಾವಿರ ವರ್ಷಗಳ ಹಿಂದೆ ಬೆರೆನಿಕೆಯಲ್ಲಿ ಬೆಕ್ಕಿನ ಕೊರಳಿಗೆ ಮಣಿ ಕಟ್ಟಿದವರ ಕೈಯಲ್ಲಿ ಲಸಿಕೆ ಇರಲಿಲ್ಲ, ಶಸ್ತ್ರಚಿಕಿತ್ಸೆ ಇರಲಿಲ್ಲ, ಮುಚ್ಚಬಹುದಾದ ಬಾಗಿಲೂ ಇರಲಿಲ್ಲ. ಸತ್ತಾಗ ಮಣ್ಣು ಮಾಡುವುದಷ್ಟೇ ಅವರಿಂದ ಆಗುತ್ತಿದ್ದದ್ದು. ಈಗಿನವರಿಗೆ ಮೂರೂ ಇವೆ. ಮರಿಯನ್ನು ಮನೆಗೆ ತಂದ ವಾರವೇ ಪಶುವೈದ್ಯರ ಹತ್ತಿರ ಕರೆದೊಯ್ದು ಲಸಿಕೆಯ ತಾರೀಕು ಬರೆಸಿಕೊಂಡರೆ, ಬಾಗಿಲಿನ ಚರ್ಚೆಯನ್ನು ಆಮೇಲೆ ನಿಧಾನವಾಗಿ ಮಾಡಬಹುದು.